ಕದಡಿದ ಗೆರೆ

ರಾತ್ರಿ ಪಾಳಿಯಲ್ಲಿ ಮಾನಿಟರಿನ ಹಸಿರು ಗೆರೆ ನೋಡುತ್ತ ಕೂರುವುದು ನನಗಂಟಿದ ಅಭ್ಯಾಸ. ಮೊದಲು ಪುಟ್ಟ ದುಂಡು ಉಬ್ಬು, ಹೃದಯದ ಮೇಲಿನ ಕೋಣೆಗಳು ಮಿಡಿದ ಗುರುತು. ಅರೆಗಳಿಗೆಯ ತಡೆ. ಆಮೇಲೆ ನೆಟ್ಟಗೆ ಏರಿ ಇಳಿಯುವ ಚೂಪು ಶಿಖರ, ಅದರ ಬೆನ್ನಿಗೆ ಅಗಲವಾದ, ಅವಸರವಿಲ್ಲದ ದಿಬ್ಬ. ಬಹಳ ಹೊತ್ತು ನೋಡಿದರೆ ಶಿಖರಗಳ ನಡುವಿನ ಅಂತರ ಒಂದೇ ಸಮನಿಲ್ಲವೆಂದು ತಿಳಿಯುತ್ತದೆ: ಉಸಿರೆಳೆದಾಗ ತುಸು ಹತ್ತಿರ, ಬಿಟ್ಟಾಗ ತುಸು ದೂರ.

ಹೃದಯಾಘಾತವಾಗಿ ಸೇರಿದ್ದ ಒಬ್ಬರ ಗೆರೆಯಲ್ಲಿ ಆಗಾಗ ಒಂದು ಅಗಲ ಬಡಿತ ಅವಧಿಗೆ ಮುನ್ನವೇ ನುಗ್ಗುತ್ತಿತ್ತು. ಅದರ ಹಿಂದೆ ಉದ್ದನೆಯ ಬಿಡುವು. ಇಂಥವು ಬಹುಮಟ್ಟಿಗೆ ಬಂದು ಹೋಗುತ್ತವೆ. ಒಂದು ಮಾತ್ರ ಹಿಂದಿನ ಬಡಿತದ ದಿಬ್ಬದ ನೆತ್ತಿಯ ಮೇಲೇ ಬಿತ್ತು. ಸ್ನಾಯು ಅರ್ಧ ಮಾತ್ರ ಚೇತರಿಸಿಕೊಂಡಿರುವ ಹೊತ್ತು ಅದು. ಗೆರೆ ಕದಡಿತು. ಒಂದು ಏರಿಳಿತದಂತೆ ಇನ್ನೊಂದಿಲ್ಲ. ವೆಂಟ್ರಿಕ್ಯುಲರ್ ಫಿಬ್ರಿಲೇಶನ್.

ಎದೆ ತೆರೆದು ಇದನ್ನು ಕಂಡವರು ಎರೆಹುಳು ತುಂಬಿದ ಚೀಲ ಎನ್ನುತ್ತಾರೆ. ಸ್ನಾಯುವಿನ ಎಳೆಎಳೆಯೂ ದುಡಿಯುತ್ತಿದೆ, ರಕ್ತ ಮುಂದೆ ಸಾಗುತ್ತಿಲ್ಲ. 1947ರಲ್ಲಿ ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಕ್ಲಾಡ್ ಬೆಕ್, 14 ವರ್ಷದ ಹುಡುಗನ ಇಂಥ ಹೃದಯವನ್ನು ಕೈಯಲ್ಲೇ ಅಮುಕುತ್ತ ಕಾದು, ನೇರವಾಗಿ ಅದಕ್ಕೇ ವಿದ್ಯುತ್ ತಾಗಿಸಿ ಉಳಿಸಿದ್ದರು.

ಇಲ್ಲಿ ನಮ್ಮ ರೋಗಿಯ ತುಟಿಯ ಬಣ್ಣ ಕಂದುಗೆಂಪಿನಿಂದ ಬೂದಿಗೆ, ಬೂದಿಯಿಂದ ನಸುನೀಲಿಗೆ ಇಳಿಯಿತು. ನಡುನಡುವೆ ಗೊರಗುಟ್ಟುವ ಒಂದೆರಡು ಉಸಿರು; ಬದುಕಿನ ಉಸಿರೆಂದು ಮೋಸಹೋಗುವಂಥವು. ಸಿಸ್ಟರ್ ಆಗಲೇ ಎದೆ ಒತ್ತತೊಡಗಿದ್ದರು: ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಆಳ. ನಾನು ಗಮನಿಸುವುದು ಒತ್ತನ್ನಲ್ಲ, ಒತ್ತಿದ ಮೇಲೆ ಎದೆಗೂಡು ಪೂರ್ತಿ ಮೇಲೇಳುವುದನ್ನು. ಹೃದಯ ತುಂಬಿಕೊಳ್ಳುವುದೂ ಅದರ ಸ್ವಂತ ನಾಳಗಳಿಗೆ ರಕ್ತ ಇಳಿಯುವುದೂ ಆಗಲೇ.

200 ಜೌಲ್. ಮೈ ಒಮ್ಮೆ ಅದುರಿತು. ಶಾಕ್ ಹೃದಯವನ್ನು ಚಾಲೂ ಮಾಡುತ್ತದೆಂದು ಸಿನಿಮಾಗಳು ನಂಬಿಸಿವೆ; ನಡೆಯುವುದು ತಿರುವುಮುರುವು. ಅದು ಇಡೀ ಗದ್ದಲವನ್ನು ಒಂದೇ ಏಟಿಗೆ ನಿಲ್ಲಿಸುತ್ತದೆ, ಬಲ ಮೇಲ್ಕೋಣೆಯ ಸೈನಸ್ ಗಂಟಿನ ಮೆಲುದನಿಗೆ ಜಾಗ ಸಿಗಲೆಂದು. ಚಪ್ಪಟೆ ಗೆರೆಗೆ ಶಾಕ್ ಕೊಡದಿರುವುದೂ ಅದಕ್ಕೇ. ಅಲ್ಲಿ ನಿಲ್ಲಿಸಲು ಏನೂ ಇರುವುದಿಲ್ಲ.

ಶಾಕಿನ ಮರುಕ್ಷಣವೇ ಮತ್ತೆ ಎರಡು ನಿಮಿಷ ಎದೆ ಒತ್ತುವುದು. ಕೈ ತೆಗೆದಾಗ ತೆರೆಯಲ್ಲಿ ಒಂದು ಅಗಲ ಬಡಿತ, ಬಿಡುವು, ಆಮೇಲೆ ದುಂಡು ಉಬ್ಬು, ಅದರ ಹಿಂದೆ ಶಿಖರ. ಗೆರೆಯೊಂದನ್ನೇ ನಂಬುವಂತಿಲ್ಲ. ಸಿಸ್ಟರ್ ಕತ್ತಿನ ನಾಡಿಗೆ ಬೆರಳಿಟ್ಟು, "ಇದೆ ಸರ್" ಎಂದರು. ಲ್ಯಾಬಿನ ಚೀಟಿಯಲ್ಲಿ ಪೊಟ್ಯಾಸಿಯಂ 2.9 ಎಂದಿತ್ತು, ತೀರಾ ಕಡಿಮೆ. ಡ್ರಿಪ್ಪಿನಲ್ಲಿ ಅದನ್ನು ನಿಧಾನಕ್ಕೆ ಏರಿಸಿದಂತೆ ಅಗಲ ಬಡಿತಗಳು ವಿರಳವಾದವು.