ಹಳೆಯ ವಾಡೆಯಲ್ಲಿ ಕೂಸುಗಳಿಗೆ ಜಾಗ

ತುಬಚಿ, ಜಮಖಂಡಿ, ಮುಧೋಳ, ಬೀಳಗಿಯ ಕಡೆ ಅನೇಕ ಊರುಗಳಲ್ಲಿ ಹಳೆಯ ವಾಡೆಗಳು ಇಂದಿಗೂ ನಿಂತಿವೆ. ದೇಸಾಯರದೋ, ಇನಾಮದಾರರದೋ, ಗೌಡರದೋ. ಮನೆಯವರು ಪಟ್ಟಣ ಸೇರಿದ್ದಾರೆ, ಪಡಸಾಲೆಗೆ ಬೀಗ ಬಿದ್ದಿದೆ. ಅದೇ ಊರಿನ ಅಂಗನವಾಡಿ ಮಾತ್ರ ತಗಡಿನ ಸೂರಿನ ಒಂದು ಕೋಣೆಯಲ್ಲಿ ಬೇಯುತ್ತಿರುತ್ತದೆ. 'ವಾಡೆಯ ಮುಂಭಾಗವನ್ನು ಬಾಡಿಗೆಗೆ ಕೊಡುತ್ತೀರಾ?' ಎಂದು ಯಾರಾದರೂ ನಿಮ್ಮನ್ನು ಕೇಳಿದರೆ ಅಥವಾ ಅಂಥ ಜಾಗಕ್ಕೆ ನಿಮ್ಮ ಮಗುವನ್ನು ಕಳಿಸುವ ಪ್ರಸಂಗ ಬಂದರೆ ಏನನ್ನು ನೋಡಬೇಕು?

ಮೊದಲಿಗೆ ಒಳ್ಳೆಯದನ್ನೇ ಹೇಳೋಣ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ ಬೇಸಿಗೆಯಲ್ಲಿ ತಂಪು. ಎತ್ತರದ ಜಂತಿ, ಬೆಳಕಿಂಡಿ, ಅಂಗಳ ಇವೆಲ್ಲ ಕೂಸುಗಳಿಗೆ ಬೇಕಾದವೇ. ಅರಮನೆಯಲ್ಲಿ ಮಕ್ಕಳ ಕೆಲಸ ನಡೆದದ್ದೂ ಹೊಸತಲ್ಲ. ಮೈಸೂರಿನ ರಾಜಕುಮಾರಿಗಾಗಿ ಕಟ್ಟಿದ್ದ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ರೂಪಿಸಿದ್ದು ಅದೇ ಸಂಸ್ಥೆ. (ತಾಯಿಯ ಹಾಲಿಗೆ ಅದು ಸಮನಲ್ಲ, ಆ ಮಾತು ಬೇರೆ.)

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದಕ್ಕೆ ಆಯ್ಕೆಯಾದದ್ದು ಟಿ. ನರಸೀಪುರ. ದುಡಿಯುವ ತಾಯಂದಿರ ಪುಟ್ಟ ಕೂಸುಗಳಿಗಾಗಿ 2023ರಲ್ಲಿ ಗ್ರಾಮ ಪಂಚಾಯಿತಿಗಳ ಮೂಲಕ 'ಕೂಸಿನ ಮನೆ'ಗಳೂ ಬಂದವು. ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕ ನೋಡುವುದು ಎಲ್ಲಕ್ಕೂ ಬೇಕಾದದ್ದು ಮೊದಲು ಒಂದು ಸೂರು. ಆ ಸೂರೇ ಮಗುವಿಗೆ ಅಪಾಯ ತರಬಾರದು.

ವಾಡೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಹಗೇವು. ಜೋಳ ತುಂಬುತ್ತಿದ್ದ ಆ ನೆಲದಡಿಯ ಕಣಜದ ಬಾಯಿ ಅಂಗಳದಲ್ಲಿ ಒಂದು ಹಳೆಯ ಹಾಸುಗಲ್ಲಿನ ಕೆಳಗೆ ಇರುತ್ತದೆ. ಎಷ್ಟೋ ವೇಳೆ ಮನೆಯವರಿಗೇ ಅದು ಮರೆತಿರುತ್ತದೆ. ಮುಚ್ಚಿದ ಹಗೇವಿನಲ್ಲಿ ಧಾನ್ಯದ ಉಸಿರಾಟದಿಂದ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ಇಳಿದವನು ಕೂಗುವುದಕ್ಕೂ ಅವಕಾಶವಿಲ್ಲದೆ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಹಿರಿಯರು ಕಲ್ಲು ಸರಿಸಿ ದಿನವಿಡೀ ಗಾಳಿಯಾಡಲು ಬಿಟ್ಟು, ಕಂದೀಲು ಇಳಿಬಿಟ್ಟು ನೋಡಿಯೇ ಇಳಿಯುತ್ತಿದ್ದುದು ಇದಕ್ಕೇ. ಮಕ್ಕಳು ಬರುವ ಅಂಗಳದಲ್ಲಿ ಹಗೇವಿಗೆ ಬರೀ ಕಲ್ಲು ಮುಚ್ಚಿದರೆ ಸಾಲದು. ಮಣ್ಣು ತುಂಬಿಸಿ ಗಿಲಾವು ಮಾಡಿಸಿ. ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿ, ಅದರ ಬೀಗದ ಕೈ ಯಾರ ಬಳಿ ಎಂಬುದನ್ನು ಬರೆದಿಡಿ.

ಎರಡನೆಯದು ಚೇಳು. ಕಲ್ಲಿನ ಸಂದು, ಕುಳ್ಳಿನ ಒಟ್ಟು, ಹಳೆಯ ಕಟ್ಟಿಗೆ ಎಲ್ಲ ಅದರ ಮನೆ. ಕೆಂಪು ಚೇಳಿನ ವಿಷ ಮಕ್ಕಳ ಹೃದಯವನ್ನೇ ಹಿಡಿಯುತ್ತದೆ. ಕಚ್ಚಿದ ಬಳಿಕ ಮೈಬೆವರು, ವಾಂತಿ, ಕೈಕಾಲು ತಣ್ಣಗಾಗುವುದು, ಏದುಸಿರು ಕಂಡರೆ ಮಂತ್ರ ಹಾಕಿಸುತ್ತ ಕೂರಬೇಡಿ. ಮಹಾರಾಷ್ಟ್ರದ ಮಹಾಡ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಬಳಕೆಗೆ ತಂದ ಪ್ರಾಜೋಸಿನ್ ಮಾತ್ರೆಯ ಚಿಕಿತ್ಸೆ ಎಷ್ಟು ಬೇಗ ದೊರೆತರೆ ಅಷ್ಟು ಲೇಸು. ಅದನ್ನು ವೈದ್ಯರೇ ಕೊಡಬೇಕು. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹೊರಡಿ.

ಕಣ್ಣಿಗೆ ಕಾಣದ ಇನ್ನೊಂದು ವಿಷ ಹಳೆಯ ಬಾಗಿಲು, ಕಂಬಗಳ ಎಣ್ಣೆಬಣ್ಣದಲ್ಲಿದೆ. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೆ ಹಿಂದಿನ ಬಣ್ಣ ಪದರು ಪದರಾಗಿ ಉದುರುತ್ತಿದ್ದರೆ ಅದರ ಧೂಳು ಮಕ್ಕಳ ಬೆರಳಿನಿಂದ ಬಾಯಿಗೆ ಹೋಗುತ್ತದೆ. ರಕ್ತಹೀನತೆ, ಹೊಟ್ಟೆನೋವು, ಕಲಿಕೆಯಲ್ಲಿ ಹಿಂದೆ ಬೀಳುವುದು ಸೀಸದಿಂದ ಆಗುತ್ತವೆ. ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಿತಿಯೇ ಇಲ್ಲ. 'ಸ್ವಚ್ಛ ಮಾಡೋಣ' ಎಂದು ಒಣಗಿದ ಬಣ್ಣವನ್ನು ಉಜ್ಜಿ ತೆಗೆಸುವುದು ಅತಿ ದೊಡ್ಡ ತಪ್ಪು. ನೀರು ಚಿಮುಕಿಸಿ, ಮಕ್ಕಳಿಲ್ಲದಾಗ ತೆಗೆಸಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ.

ಅಡುಗೆ ಕೋಣೆ ಬೇರೆ ಇರಲಿ, ಹೊಗೆ ಪಡಸಾಲೆಗೆ ಬರದಿರಲಿ. ಪುಟ್ಟ ಮಕ್ಕಳು ಕೂರಬಲ್ಲ ಶೌಚಾಲಯ ಬೇಕು. ಬಾಗಲಕೋಟೆ ಜಿಲ್ಲೆಯ ಕೆಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ನೀರನ್ನು ಪರೀಕ್ಷೆ ಮಾಡಿಸದೆ ಕುಡಿಸಬೇಡಿ.

ಇನ್ನು ಕರಾರು. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಆ ಖಟಪಟಿ ಬೇಡವೆಂದು ಜನ 11 ತಿಂಗಳ ಕಾಗದ ಬರೆಯುತ್ತಾರೆ. ಆದರೆ ವರ್ಷಕ್ಕೊಮ್ಮೆ ಜಾಗ ಬದಲಾದರೆ ಚುಚ್ಚುಮದ್ದಿನ ದಿನ ತಾಯಂದಿರು ಎಲ್ಲಿಗೆ ಬರಬೇಕು? ಐದು ವರ್ಷಕ್ಕಾದರೂ ಬರೆಸಿ, ನೋಂದಾಯಿಸಿ. ವಾಡೆಗೆ ಪಾಲುದಾರರು ಹಲವರಿದ್ದರೆ ಎಲ್ಲರ ಸಹಿ ಬೇಕು. ಮನೆಯ ಮದುವೆ ಬಂದಾಗ ಮಕ್ಕಳನ್ನು ಹೊರಗೆ ಹಾಕುವಂತಿಲ್ಲ ಎಂಬುದನ್ನೂ ಸೇರಿಸಿ.

ಬಾಡಿಗೆಗಿಂತ ಮೊದಲು ಇನ್ನೊಂದು ಮಾತು ತೀರ್ಮಾನವಾಗಬೇಕು. ಊರಿನ ಎಲ್ಲ ಕೇರಿಯ ಮಕ್ಕಳೂ ತಾಯಂದಿರೂ ತಲೆಬಾಗಿಲಿನಿಂದಲೇ ಒಳಗೆ ಬರಬೇಕು, ಒಂದೇ ಸಾಲಿನಲ್ಲಿ ಕುಳಿತು ಉಣ್ಣಬೇಕು. ಇದಕ್ಕೆ ಮನೆಯ ಹಿರಿಯರು ಮುಖ ಸಿಂಡರಿಸಿದರೆ ಆ ವಾಡೆ ಎಷ್ಟೇ ಚೆಂದವಿದ್ದರೂ ಬೇಡ, ತಗಡಿನ ಕೋಣೆಯೇ ಮೇಲು. ಹೊಸ್ತಿಲಲ್ಲಿ ಹಿಂಜರಿದ ತಾಯಿ ಮರುದಿನ ಕೂಸನ್ನು ತೂಕಕ್ಕೆ ತರುವುದಿಲ್ಲ.

ಮಿರಗದ ಮಳೆಗೆ ಮೊದಲೇ ಮಾಳಿಗೆಯನ್ನು ಎಂಜಿನಿಯರರಿಗೆ ತೋರಿಸಿ. ಮಣ್ಣಿನ ಗೋಡೆ ನೆನೆದರೆ ಮಳೆ ನಿಂತ ಮೇಲೂ ಕುಸಿಯಬಹುದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ತಾಲ್ಲೂಕಿನ ದಂಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಯಾರೂ ಮರೆತಿಲ್ಲ. ಹೊಳೆ ಏರಿದ ದಿನ ಮಕ್ಕಳು, ಲಸಿಕೆಯ ಪೆಟ್ಟಿಗೆ, ಕಾಳಿನ ಚೀಲ ಯಾವ ಎತ್ತರದ ಜಾಗಕ್ಕೆ ಹೋಗಬೇಕು, ಯಾರು ಒಯ್ಯಬೇಕು ಎಂಬುದನ್ನು ಅದೇ ಕರಾರಿನ ಕೊನೆಯ ಪುಟದಲ್ಲಿ ಬರೆಸಿರಿ.