ಊಟದ ಬಿಡುವಿನಲ್ಲಿ ಮೊಬೈಲ್ ಪಾಠ

ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯಿತಿಯಲ್ಲಿ ಉದ್ಯೋಗ ಖಾತ್ರಿ ಕೂಲಿ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತಿತ್ತು. ದುಡ್ಡು ಬಂತೋ ಇಲ್ಲವೋ ಎಂದು ತಿಳಿಯುವುದಕ್ಕೇ ವಯಸ್ಸಾದ ಹೆಂಗಸರು ಪಾಸ್‌ಬುಕ್ ಹಿಡಿದು ಬ್ಯಾಂಕಿನಲ್ಲಿ ಸಾಲು ನಿಲ್ಲಬೇಕಿತ್ತು. ನಿಂತರೆ ಆ ದಿನದ ಕೂಲಿ ಹೋದಂತೆಯೇ. ಈ ಕಷ್ಟವನ್ನು ಕಣ್ಣಾರೆ ಕಂಡ ಪಂಚಾಯಿತಿಯವರು 2021ರಲ್ಲಿ ‘ಡಿಜಿ ಪುಲ್ಲಂಪಾರ’ ಶುರುಮಾಡಿದರು. ಸ್ವಯಂಸೇವಕರು ಮನೆ ಜಗುಲಿಗೆ ಹೋದರು, ಕೆಲಸದ ಜಾಗಕ್ಕೂ ಹೋದರು. ಊಟದ ಬಿಡುವಿನಲ್ಲಿ ಮರದಡಿ ಕೂತು ಫೋನ್ ಬಳಸುವುದನ್ನು ಹೇಳಿಕೊಟ್ಟರು. 2022ರ ಸೆಪ್ಟೆಂಬರ್‌ನಲ್ಲಿ ಪುಲ್ಲಂಪಾರ ಸಂಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯಿತಿ ಎಂದು ಘೋಷಣೆಯಾಯಿತು.

ಇದೇ ಮಾದರಿ ಆಮೇಲೆ ‘ಡಿಜಿ ಕೇರಳ’ವಾಗಿ ರಾಜ್ಯವಿಡೀ ಹರಡಿತು. ಕೇಂದ್ರ ಸರ್ಕಾರ 2017ರಲ್ಲಿ ತಂದ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಯೋಜನೆ 14ರಿಂದ 60 ವರ್ಷದವರಿಗೆ ಮಾತ್ರ ಇತ್ತು. ಅರವತ್ತು ದಾಟಿದವರಿಗೇ ಅಲ್ಲವೇ ಪಿಂಚಣಿ, ಔಷಧಿ, ದೂರದಲ್ಲಿರುವ ಮಕ್ಕಳ ಮುಖ ಎಲ್ಲವೂ ಫೋನಿನಲ್ಲಿ ಬೇಕಾಗುವುದು? ಕೇರಳ ಆ ಗೆರೆಯನ್ನೇ ಅಳಿಸಿತು. ಎಪ್ಪತ್ತಾರರಿಂದ ತೊಂಬತ್ತರ ನಡುವಿನವರೇ ಲಕ್ಷಕ್ಕೂ ಹೆಚ್ಚು ಮಂದಿ ಕಲಿತರು. ನೂರು ದಾಟಿದ ಹಿರಿಯರೊಬ್ಬರು ಯೂಟ್ಯೂಬ್ ನೋಡುವುದನ್ನು ಕಲಿತರು. ಒಟ್ಟು ಸುಮಾರು 21.87 ಲಕ್ಷ ಜನ ಪಾಠ ಮುಗಿಸಿದ ಮೇಲೆ, 2025ರ ಆಗಸ್ಟ್ 21ರಂದು ಕೇರಳ ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಎಂಬ ಘೋಷಣೆ ಹೊರಬಿತ್ತು. ಕಲಿಸಲು ಹೊರಟವರು ಎರಡೂವರೆ ಲಕ್ಷ ಸ್ವಯಂಸೇವಕರು: ಕಾಲೇಜು ಹುಡುಗರು, ಕುಟುಂಬಶ್ರೀ ಸ್ವಸಹಾಯ ಗುಂಪುಗಳ ಮಹಿಳೆಯರು, ಗ್ರಂಥಾಲಯದವರು. 1991ರಲ್ಲಿ ಸಂಪೂರ್ಣ ಸಾಕ್ಷರತೆ ಸಾಧಿಸಿದ ನಾಡಿಗೆ ಮನೆ ಬಾಗಿಲಿಗೆ ಹೋಗಿ ಕಲಿಸುವುದು ರೂಢಿಯಲ್ಲೇ ಇತ್ತು.

ಪಾಠದಲ್ಲಿ ದೊಡ್ಡ ಮಾತೇನೂ ಇಲ್ಲ. ಕರೆ ಮಾಡುವುದು, ಹೆಸರು ಹಾಕಿ ನಂಬರ್ ಉಳಿಸುವುದು, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸುವುದು, ವಿಡಿಯೊ ಕರೆ, ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್ ಕಟ್ಟುವುದು, ಹೀಗೆ ಹದಿನೈದು ಕೆಲಸ. ನಿಜವಾದ ಸವಾಲು ಕಲಿಸುವವರ ತಾಳ್ಮೆಯದು. ಅಜ್ಜಿ ಏನೋ ಕೇಳಿದರೆ ನಮ್ಮ ಮನೆಗಳಲ್ಲಿ ಮೊಮ್ಮಗ ಫೋನ್ ಕಿತ್ತುಕೊಂಡು ಟಕಟಕ ಒತ್ತಿ ‘ಆಯ್ತು ತಗೋ’ ಅನ್ನುತ್ತಾನೆ. ಕೆಲಸ ಮುಗಿಯುತ್ತದೆ, ಅಜ್ಜಿಗೆ ಏನೂ ಬರುವುದಿಲ್ಲ. ಬೆರಳು ಅಜ್ಜಿಯದೇ ಆಗಿರಬೇಕು. ಅಕ್ಷರ ದೊಡ್ಡದು ಮಾಡಿ, ಭಾಷೆ ಕನ್ನಡಕ್ಕೆ ತಿರುಗಿಸಿ, ಒಂದು ದಿನಕ್ಕೆ ಒಂದೇ ಕೆಲಸ ಹೇಳಿಕೊಟ್ಟು, ಮರುದಿನ ಅದನ್ನೇ ಮಾಡಿಸಿದರೆ ಕೈಗೆ ಹತ್ತುತ್ತದೆ.

‘ಏನಾದರೂ ಒತ್ತಿ ದುಡ್ಡು ಹೋದರೆ?’ ಎಂಬ ಹಿರಿಯರ ಭಯವನ್ನು ಯಾರೂ ನಕ್ಕು ತಳ್ಳಬಾರದು. ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು ಹುಡುಕುವುದೇ ನಿವೃತ್ತರನ್ನು. ಹಾಗೆ ಬಂಧಿಸುವ ಕಾನೂನೇ ಇಲ್ಲ, ಒಟಿಪಿ ಯಾರಿಗೂ ಹೇಳಬಾರದು, ಮೋಸವಾದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ಮೂರನ್ನು ಬಿಲ್ ಕಟ್ಟುವುದಕ್ಕಿಂತ ಮೊದಲೇ ಕಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದನ್ನು ನಮ್ಮ ಕರ್ನಾಟಕದಲ್ಲೂ ಮಾಡಬಹುದು. ಇಲ್ಲಿನ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಎಷ್ಟೋ ಕಡೆ ಕಂಪ್ಯೂಟರೂ ಬಂದಿದೆ. ವಾರಕ್ಕೊಂದು ಮಧ್ಯಾಹ್ನವನ್ನು ಅಲ್ಲಿ ಹಿರಿಯರಿಗೆಂದೇ ಮೀಸಲಿಟ್ಟು, ಊರಿನ ಪಿಯುಸಿ ಮಕ್ಕಳನ್ನು ಜೊತೆಗೆ ಕೂರಿಸಿದರೆ ಕೆಲಸ ಶುರುವಾಗುತ್ತದೆ. ಪಂಚಾಯಿತಿಯವರು ದಯವಿಟ್ಟು ಮನಸ್ಸು ಮಾಡಲಿ.