ಇಳಿದ ವಿಮಾನವು ನಿಲ್ಲುವುದೆಲ್ಲಿ?

2010ನೆಯ ಇಸವಿ ಮೇ ತಿಂಗಳ 22ನೆಯ ತಾರೀಖು ಶನಿವಾರ, ಪ್ರಾತಃಕಾಲ ಆರು ಗಂಟೆಯ ಸುಮಾರಿಗೆ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜಪೆಯ ರನ್‌ವೇಯ ಮೇಲೆ ಇಳಿದು, ಅಲ್ಲಿ ನಿಲ್ಲಲಾರದೆ, ಗುಡ್ಡದ ಅಂಚನ್ನು ದಾಟಿ ಕಣಿವೆಗೆ ಉರುಳಿ ಅಗ್ನಿಗೆ ಆಹುತಿಯಾದುದನ್ನು ನಮ್ಮ ವಾಚಕರು ಮರೆತಿರಲಾರರು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಮಡಿದರು. ಉಳಿದವರು ಎಂಟೇ ಮಂದಿ. ಕೊಲ್ಲಿಯ ನಾಡುಗಳಲ್ಲಿ ದುಡಿದು, ಹೆಂಡಿರುಮಕ್ಕಳ ಮುಖವನ್ನು ನೋಡಲೆಂದು ಬರುತ್ತಿದ್ದವರು ಅವರಲ್ಲಿ ಅನೇಕರು. ವಿಮಾನದ ಚಕ್ರಗಳು ತಾಯ್ನೆಲವನ್ನು ಮುಟ್ಟಿಯೂ ಅವರು ಮನೆಯನ್ನು ಸೇರಲಿಲ್ಲ.

ಇಂತಹ ಸುದ್ದಿ ಬಂದಾಗಲೆಲ್ಲ "ಬ್ರೇಕು ಹಿಡಿಯಲಿಲ್ಲವೇನೋ" ಎಂದು ಜನರು ಆಡಿಕೊಳ್ಳುವುದು ಸಹಜವೇ ಸರಿ. ಬಸ್ಸು ಲಾರಿಗಳನ್ನು ಕಂಡ ನಮಗೆ, ವಾಹನವು ನಿಲ್ಲಲಿಲ್ಲವೆಂದರೆ ಮೊದಲು ಸಂಶಯ ಹುಟ್ಟುವುದು ಬ್ರೇಕಿನ ಮೇಲೆಯೇ. ಆದರೆ ವಿಮಾನದ ವಿಷಯದಲ್ಲಿ ಈ ಮಾತು ಅರ್ಧ ಸತ್ಯ ಮಾತ್ರವೆಂದೂ, ಉಳಿದರ್ಧವನ್ನು ತಿಳಿಯದೆ ಹೋದರೆ ಮುಂದಿನ ದುರಂತಗಳನ್ನು ತಡೆಯುವ ದಾರಿಯೂ ತೋರದೆಂದೂ ನಾವು ತಿಳಿದಿರುತ್ತೇವೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ವಾಚಕರ ಮುಂದಿಡುವುದು ಯುಕ್ತವೆಂದು ತೋರುತ್ತದೆ.

ಮಂಗಳೂರಿನಲ್ಲಿ ಇಳಿದಂತಹ ಬೋಯಿಂಗ್ 737-800 ವಿಮಾನವು ನೆಲವನ್ನು ಮುಟ್ಟುವಾಗ ಅದರ ತೂಕವು ಸುಮಾರು 60 ಟನ್ನುಗಳಷ್ಟಿರಬಹುದು. ವೇಗವು ಸುಮಾರು 140 ನಾಟ್, ಎಂದರೆ ಗಂಟೆಗೆ 260 ಕಿಲೋಮೀಟರ್. ಒಂದು ಸೆಕೆಂಡಿಗೆ ಅದು 72 ಮೀಟರ್ ಓಡುತ್ತದೆ. ಇಷ್ಟು ಭಾರದ, ಇಷ್ಟು ವೇಗದ ವಸ್ತುವಿನಲ್ಲಿ ಅಡಗಿರುವ ಶಕ್ತಿಯೆಲ್ಲವನ್ನೂ ಅರ್ಧ ನಿಮಿಷದೊಳಗೆ ಹೆಚ್ಚುಕಡಿಮೆ ಇಲ್ಲವಾಗಿಸಬೇಕು. ಈ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಂಬುದು ಶಾಲೆಯಲ್ಲಿ ಕಲಿತ ಪಾಠ. ವೇಗವು ನೂರಕ್ಕೆ ಹತ್ತು ಹೆಚ್ಚಿದರೆ ಶಕ್ತಿಯು ನೂರಕ್ಕೆ ಇಪ್ಪತ್ತೊಂದು ಹೆಚ್ಚುತ್ತದೆ. ಇಳಿಯುವಾಗ ಮಾಡಿದ ಸಣ್ಣ ತಪ್ಪು ನಿಲ್ಲುವಾಗ ದೊಡ್ಡದಾಗುವುದಕ್ಕೆ ಇದೇ ಕಾರಣ.

ನಿಲ್ಲಿಸುವ ಸಾಧನಗಳು ಮೂರು. ಚಕ್ರವು ನೆಲವನ್ನು ಮುಟ್ಟಿದೊಡನೆ ರೆಕ್ಕೆಗಳ ಮೇಲ್ಭಾಗದ ಹಲಗೆಗಳು ನೆಟ್ಟಗೆ ಎದ್ದು ನಿಲ್ಲುತ್ತವೆ, ಇವನ್ನು ಸ್ಪಾಯ್ಲರುಗಳೆನ್ನುತ್ತಾರೆ. ಇವು ಗಾಳಿಯನ್ನು ತಡೆಯುವುದಲ್ಲದೆ, ರೆಕ್ಕೆಯ ಎತ್ತುವ ಬಲವನ್ನು ಕೆಡಿಸಿ ವಿಮಾನದ ಭಾರವೆಲ್ಲವನ್ನೂ ಚಕ್ರಗಳ ಮೇಲೆ ಕೂರಿಸುತ್ತವೆ. ಭಾರವು ಚಕ್ರದ ಮೇಲೆ ಕೂರದೆ ಬ್ರೇಕು ಕೆಲಸ ಮಾಡದು. ಎರಡನೆಯದು ಚಕ್ರಗಳೊಳಗಿನ ಬ್ರೇಕು. ಮೂರನೆಯದು ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ಏರ್ಪಾಡು. ಈ ಮೂರರಲ್ಲಿ ಹೆಚ್ಚಿನ ಹೊರೆಯನ್ನು ಹೊರುವುದು ಚಕ್ರದ ಬ್ರೇಕೇ.

ಬ್ರೇಕಿನ ಸುಧಾರಣೆಯಲ್ಲಿ ಜಗತ್ತು ಸುಮ್ಮನೆ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಬಲವಾಗಿ ಒತ್ತಿದರೆ ಚಕ್ರವು ಸುತ್ತುವುದನ್ನೇ ನಿಲ್ಲಿಸಿ ಜಾರತೊಡಗುತ್ತದೆ. ಜಾರುವ ಟೈರಿಗೆ ನೆಲದ ಹಿಡಿತ ಕಡಮೆ. ಅದು ಸವೆದು ಒಡೆಯುವುದೂ ಉಂಟು. ಇದನ್ನು ತಪ್ಪಿಸಲು ಇಂಗ್ಲೆಂಡಿನ ಡನ್‌ಲಪ್ ಸಂಸ್ಥೆಯವರು 1950ರ ದಶಕದ ಆರಂಭದಲ್ಲಿ ಮ್ಯಾಕ್ಸರೆಟ್ ಎಂಬ ಸಾಧನವನ್ನು ತಂದರು. ಚಕ್ರವು ಸಿಕ್ಕಿಕೊಳ್ಳುವುದೆಂದು ಕಂಡೊಡನೆ ಅದು ತಾನಾಗಿಯೇ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ. ಇಂದು ಮೋಟಾರು ಕಾರುಗಳಲ್ಲಿ ಸಾಮಾನ್ಯವಾಗಿರುವ ಈ ಯುಕ್ತಿಯು ಮೊದಲು ಬಳಕೆಗೆ ಬಂದುದು ವಿಮಾನಗಳಲ್ಲಿಯೇ. ಅನಂತರ ಉಕ್ಕಿನ ಬಿಲ್ಲೆಗಳ ಸ್ಥಾನದಲ್ಲಿ, ಹಗುರವಾಗಿಯೂ ಅಧಿಕ ಶಾಖವನ್ನು ತಾಳಬಲ್ಲವಾಗಿಯೂ ಇರುವ ಇಂಗಾಲದ ಬಿಲ್ಲೆಗಳು ಬಂದವು. ಕಾಂಕರ್ಡ್ ವಿಮಾನದಲ್ಲಿ ಇವುಗಳನ್ನೇ ಹಾಕಿದ್ದರು. ಕಾಲಿನಿಂದ ಒತ್ತುವ ಮೊದಲೇ ನಿಯಮಿತ ಪ್ರಮಾಣದಲ್ಲಿ ತಾನಾಗಿ ಹಿಡಿಯುವ ಬ್ರೇಕುಗಳೂ ಈಗ ಸಾಮಾನ್ಯವಾಗಿವೆ.

ಇಷ್ಟಾದರೂ, ಬ್ರೇಕು ಎಷ್ಟೇ ಉತ್ತಮವಾಗಿರಲಿ, ನೆಲವು ಕೊಡುವ ಹಿಡಿತಕ್ಕಿಂತ ಹೆಚ್ಚನ್ನು ಅದು ಕೊಡಲಾರದು. ಮಳೆಯ ನೀರು ನಿಂತ ರನ್‌ವೇಯ ಮೇಲೆ ವೇಗವಾಗಿ ಓಡುವ ಟೈರು ನೀರನ್ನು ಸರಿಸಲಾರದೆ ಅದರ ಮೇಲೆಯೇ ತೇಲುತ್ತದೆ. ಅಮೆರಿಕದ ನಾಸಾ ಸಂಸ್ಥೆಯವರು 1960ರ ದಶಕದಲ್ಲಿ ಇದನ್ನು ಪರೀಕ್ಷಿಸಿ, ತೇಲುವ ವೇಗವು ಟೈರಿನ ಗಾಳಿಯ ಒತ್ತಡವನ್ನು ಅವಲಂಬಿಸಿದೆಯೆಂದು ಕಂಡುಕೊಂಡರು. ಚದರ ಇಂಚಿಗೆ 200 ಪೌಂಡು ಒತ್ತಡವಿರುವ ಟೈರು ಸುಮಾರು 127 ನಾಟ್ ವೇಗಕ್ಕೆ ತೇಲಬಲ್ಲುದು. ಇದಕ್ಕೆ ಪರಿಹಾರವು ಸರಳವಾದುದು: ರನ್‌ವೇಗೆ ಅಡ್ಡಲಾಗಿ ಕಾಲಿಂಚು ಅಗಲದ, ಕಾಲಿಂಚು ಆಳದ ಗೀರುಗಳನ್ನು ಕೊರೆದು ನೀರಿಗೆ ದಾರಿ ಮಾಡುವುದು. ಬ್ರೆಜಿಲ್ ದೇಶದ ಸಾವೊ ಪಾಲೊ ನಗರದ ಕಾಂಗೊನ್ಯಾಸ್ ನಿಲ್ದಾಣದಲ್ಲಿ 2007ನೆಯ ಇಸವಿ ಜುಲೈ 17ರಂದು ಮಳೆಯಲ್ಲಿ ಇಳಿದ ವಿಮಾನವೊಂದು ರನ್‌ವೇಯನ್ನು ದಾಟಿ ಕಟ್ಟಡಕ್ಕೆ ಬಡಿದು 199 ಮಂದಿ ಸತ್ತರು. ಹೊಸದಾಗಿ ಹಾಸಿದ ಆ ರನ್‌ವೇಗೆ ಗೀರುಗಳನ್ನು ಕೊರೆಯುವ ಕೆಲಸವು ಇನ್ನೂ ಆಗಿರಲಿಲ್ಲ. ಅದಕ್ಕಿಂತ ಮಿಗಿಲಾಗಿ, ಒಂದು ಎಂಜಿನ್ನಿನ ಹಿಡಿಕೆಯು ಹಿಂದಕ್ಕೆ ಬಾರದೆ ಮುಂದೆಯೇ ಉಳಿದುದರಿಂದ ಸ್ಪಾಯ್ಲರುಗಳು ಏಳಲೇ ಇಲ್ಲ. ಒಂದು ಕೊಂಡಿ ಕಳಚಿದರೆ ಸರಪಣಿಯೆಲ್ಲವೂ ವ್ಯರ್ಥವೆಂಬುದಕ್ಕೆ ಬೇರೆ ನಿದರ್ಶನವೇಕೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ವಿಮಾನವು ರನ್‌ವೇಯ ಅಂಚನ್ನು ಸುಮಾರು 50 ಅಡಿ ಎತ್ತರದಲ್ಲಿ ದಾಟಬೇಕೆಂಬುದು ಲೆಕ್ಕ. ಅದೇ ಇಳಿಜಾರಿನಲ್ಲಿ 100 ಅಡಿ ಎತ್ತರದಲ್ಲಿ ದಾಟಿದರೆ, ಚಕ್ರವು ನೆಲವನ್ನು ಮುಟ್ಟುವ ಸ್ಥಳವು ಸುಮಾರು 950 ಅಡಿ ಮುಂದಕ್ಕೆ ಹೋಗುತ್ತದೆ. ನೆಲದ ಮೇಲೆ ತೇಲುತ್ತ ಕಳೆದ ಒಂದೊಂದು ಸೆಕೆಂಡಿಗೂ 230 ಅಡಿಗಳಷ್ಟು ರನ್‌ವೇ ಹಿಂದಾಗುತ್ತದೆ. ಇಂತಹ ತಪ್ಪುಗಳಿಗೆಂದೇ ನಿಯಮಗಳಲ್ಲಿ ಮಿಗತೆಯನ್ನು ಇಟ್ಟಿದ್ದಾರೆ: ನಿಲ್ಲಲು ಬೇಕಾದ ದೂರವು ರನ್‌ವೇಯ ಉದ್ದದಲ್ಲಿ ನೂರಕ್ಕೆ 60ರೊಳಗಿರಬೇಕು, ನೆಲವು ಒದ್ದೆಯಾಗಿದ್ದರೆ ಇನ್ನೂ ನೂರಕ್ಕೆ 15ರಷ್ಟು ಹೆಚ್ಚಿನ ಉದ್ದವಿರಬೇಕು. ಆದರೆ ಎತ್ತರ, ವೇಗ, ಹಿಂಗಾಳಿ ಇವು ಮೂರೂ ಕೂಡಿದರೆ ಆ ಮಿಗತೆಯು ಕಣ್ಣೆವೆ ಮುಚ್ಚುವುದರೊಳಗೆ ಕರಗುತ್ತದೆ.

ಮಂಗಳೂರಿನಲ್ಲಿ ನಡೆದುದೂ ಇದೇ. ಅಲ್ಲಿಯ ರನ್‌ವೇಯ ಉದ್ದವು 8,033 ಅಡಿ. ವಿಮಾನವು ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿ ಬಂದು, ಸುಮಾರು 5,200 ಅಡಿ ದಾಟಿದ ಮೇಲೆ ನೆಲವನ್ನು ಮುಟ್ಟಿತು. ಉಳಿದುದು ಸುಮಾರು 2,800 ಅಡಿ. ಏರ್ ಮಾರ್ಷಲ್ ಗೋಖಲೆಯವರ ನೇತೃತ್ವದ ವಿಚಾರಣಾ ಮಂಡಲಿಯ ವರದಿಯನ್ನು ಓದಿದರೆ ಮನಸ್ಸು ಕುಗ್ಗುತ್ತದೆ. ಹಾರಾಟದಲ್ಲಿ ಬಹಳ ಹೊತ್ತು ಹಿರಿಯ ವೈಮಾನಿಕರು ನಿದ್ದೆಯಲ್ಲಿದ್ದರು. ಇಳಿಯುವುದನ್ನು ಬಿಟ್ಟು ಮೇಲಕ್ಕೆ ಹೋಗೋಣವೆಂದು ಕಿರಿಯ ವೈಮಾನಿಕರು ಮೂರು ಸಲ ಹೇಳಿದರು, ಮಾತು ನಡೆಯಲಿಲ್ಲ. ನೆಲ ಮುಟ್ಟಿ, ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿದ ತರುವಾಯ ಹಿರಿಯರು ಮತ್ತೆ ಹಾರಲು ಯತ್ನಿಸಿದರು. ಮುಟ್ಟಿದೊಡನೆಯೇ ಪೂರ್ಣ ಬಲದಿಂದ ಬ್ರೇಕನ್ನೊತ್ತಿ ಎಂಜಿನ್ನಿನ ತಡೆಯನ್ನೂ ಬಳಸಿದ್ದರೆ, ರನ್‌ವೇಯ ಆಚೆಯ ಗಟ್ಟಿನೆಲದೊಳಗಾದರೂ ವಿಮಾನವು ನಿಲ್ಲಬಹುದಾಗಿತ್ತೆಂದು ವರದಿಯು ಹೇಳುತ್ತದೆ. ಎಂದರೆ ಬ್ರೇಕು ಕೈಕೊಟ್ಟುದಲ್ಲ, ನಿರ್ಧಾರವು ಕೈಕೊಟ್ಟಿತು.

ಇಷ್ಟು ದೊಡ್ಡ ಬೆಲೆ ತೆತ್ತು ಕಲಿತ ಪಾಠವು ಹತ್ತು ವರ್ಷಗಳಲ್ಲಿ ಮನಸ್ಸಿನಲ್ಲಿ ನಿಂತಿತೆ? ನೆರೆಯ ಕೋಳಿಕೋಡಿನಲ್ಲಿ 2020ನೆಯ ಇಸವಿ ಆಗಸ್ಟ್ 7ರ ಸಂಜೆ, ಮಳೆಯಲ್ಲಿ, ಹಿಂಗಾಳಿಯಲ್ಲಿ, ಅದೇ ಸಂಸ್ಥೆಯ ವಿಮಾನವು ಇಳಿಯಿತು. ಅದೂ ಗುಡ್ಡದ ತಲೆಯ ಮೇಲಿನ ರನ್‌ವೇ. ಅದರ ಉದ್ದ 8,858 ಅಡಿ. ಚಕ್ರವು ಮುಟ್ಟಿದ್ದು 4,438 ಅಡಿ ದಾಟಿದ ಮೇಲೆ. ಅಲ್ಲಿಯೂ ಕಿರಿಯ ವೈಮಾನಿಕರು ಮೇಲಕ್ಕೆ ಹೋಗಬೇಕೆಂದು ಹೇಳಿದ್ದರು. ವಿಮಾನವು ಸುಮಾರು 84 ನಾಟ್ ವೇಗದಲ್ಲಿ ರನ್‌ವೇಯನ್ನು ಬಿಟ್ಟು, ಬೇಲಿಯನ್ನು ಮುರಿದು, ಸುಮಾರು 110 ಅಡಿ ಕೆಳಕ್ಕೆ ಬಿದ್ದಿತು. 190 ಮಂದಿಯಲ್ಲಿ 21 ಮಂದಿ ಮಡಿದರು. ಇಬ್ಬರು ವೈಮಾನಿಕರೂ ಅವರಲ್ಲಿ ಸೇರಿದ್ದರು.

ಎರಡು ಕಡೆಯಲ್ಲಿಯೂ ಕೇಳದೆ ಹೋದ ಮಾತು ಒಂದೇ. ಇಳಿಯುವುದನ್ನು ಬಿಟ್ಟು ಮತ್ತೆ ಏರಿ ಸುತ್ತಿ ಬರುವುದು ಅವಮಾನವಲ್ಲ. ಅದು ವೈಮಾನಿಕನ ಕೈಯಲ್ಲಿರುವ ಅತ್ಯುತ್ತಮವಾದ ಬ್ರೇಕು. ಹಿರಿಯರೆದುರು ಕಿರಿಯರು ಬಾಯಿ ತೆರೆಯಬಾರದೆಂಬ ನಮ್ಮ ಮನೆಗಳ ಮರ್ಯಾದೆಯು ಮನೆಯಲ್ಲಿ ಶೋಭಿಸಬಹುದು. ವಿಮಾನದ ಮುಂಗೋಣೆಯಲ್ಲಿ ಅದು ಮೃತ್ಯುವಿಗೆ ಬಾಗಿಲು ತೆಗೆಯುತ್ತದೆ. ಇಲ್ಲಿ ಕಿರಿಯರು ಬಾಯಿ ತೆರೆದೇ ಇದ್ದರೆಂಬುದನ್ನು ಗಮನಿಸಬೇಕು. ಕೇಳುವ ಕಿವಿಗೂ ಶಿಕ್ಷಣ ಬೇಕು. ಹಿರಿಯರು ಕೇಳದಿದ್ದಾಗ ಹಿಡಿಕೆಯನ್ನು ತಾವೇ ಕೈಗೆ ತೆಗೆದುಕೊಳ್ಳುವ ಅಧಿಕಾರವೂ ಧೈರ್ಯವೂ ಕಿರಿಯರಿಗೆ ಬೇಕು.

ಮನುಷ್ಯನು ತಪ್ಪದೆ ಇರಲಾರನಾದುದರಿಂದ, ರನ್‌ವೇಯ ಕೊನೆಯಾಚೆಯ ನೆಲದ ಯೋಚನೆಯೂ ಅವಶ್ಯ. ಅಮೆರಿಕದಲ್ಲಿ ಇದಕ್ಕೆ ಒಂದು ಉಪಾಯವನ್ನು ಮಾಡಿರುತ್ತಾರೆ. ಸಣ್ಣ ಸಣ್ಣ ರಂಧ್ರಗಳುಳ್ಳ ಹಗುರವಾದ ಸಿಮೆಂಟಿನ ಇಟ್ಟಿಗೆಗಳನ್ನು ರನ್‌ವೇಯ ಆಚೆಗೆ ಹಾಸುತ್ತಾರೆ. ವಿಮಾನವು ಅದರ ಮೇಲೆ ಬಂದೊಡನೆ ಇಟ್ಟಿಗೆಗಳು ಪುಡಿಯಾಗಿ, ಕೆಸರುಗದ್ದೆಯಲ್ಲಿ ಸಿಕ್ಕ ಬಂಡಿಯಂತೆ ಚಕ್ರಗಳು ಹೂತು, ವಿಮಾನವು ನಿಲ್ಲುತ್ತದೆ. ಇಮಾಸ್ ಎಂದು ಕರೆಯುವ ಈ ಹಾಸನ್ನು 1996ರಲ್ಲಿ ನ್ಯೂಯಾರ್ಕಿನ ಕೆನೆಡಿ ನಿಲ್ದಾಣದಲ್ಲಿ ಮೊದಲು ಹಾಕಿದರು. 1999ರಲ್ಲಿಯೇ ಅದು ಒಂದು ವಿಮಾನವನ್ನು ಹಿಡಿದು ನಿಲ್ಲಿಸಿತು. ನಮಗೆ ಹೆಚ್ಚಾಗಿ ನೆನಪಾಗುವುದು ಪಶ್ಚಿಮ ವರ್ಜೀನಿಯಾದ ಚಾರ್ಲ್‌ಸ್ಟನ್ ನಗರದ ನಿಲ್ದಾಣ. ಅದೂ ಬಜಪೆಯಂತೆ ಗುಡ್ಡದ ನೆತ್ತಿಯ ಮೇಲೆಯೇ ಇದೆ. ಮಂಗಳೂರಿನ ದುರಂತಕ್ಕೆ ನಾಲ್ಕು ತಿಂಗಳ ಮುಂಚೆ, 2010ರ ಜನವರಿ 19ರಂದು, ಹಾರಲು ಹೊರಟು ನಡುವೆ ಯತ್ನವನ್ನು ಕೈಬಿಟ್ಟ ಸಣ್ಣ ವಿಮಾನವೊಂದು ರನ್‌ವೇಯನ್ನು ದಾಟಿ ಈ ಹಾಸಿನಲ್ಲಿ ಸಿಕ್ಕಿ ನಿಂತಿತು. ಅದರಲ್ಲಿದ್ದ 34 ಮಂದಿಯೂ ಬದುಕಿದರು. ಎರಡು ಗುಡ್ಡಗಳು, ಒಂದೇ ವರ್ಷ, ಫಲಗಳೆಷ್ಟು ಭಿನ್ನ!

ಈ ಹಾಸುಗಳನ್ನು ಸಾಮಾನ್ಯವಾಗಿ 70 ನಾಟ್ ವೇಗದ ವಿಮಾನವನ್ನು ತಡೆಯುವಂತೆ ರಚಿಸುತ್ತಾರೆ. ಆದಕಾರಣ ಕೋಳಿಕೋಡಿನ ವಿಮಾನವನ್ನು ಇದು ಪೂರ್ತಿಯಾಗಿ ನಿಲ್ಲಿಸುತ್ತಿತ್ತೆಂದು ನಾವು ಸಾಧಿಸುವುದಿಲ್ಲ. ಆದರೆ ವೇಗವನ್ನು ಬಹಳಮಟ್ಟಿಗೆ ತಗ್ಗಿಸುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಇದರ ವೆಚ್ಚವು ಅಧಿಕವೆಂದೂ, ಇಂತಹ ಅಪಘಾತಗಳು ವಿರಳವೆಂದೂ ಹೇಳುವವರುಂಟು. ಅಧಿಕಾರದಲ್ಲಿರುವವರು ಹಣದ ಲೆಕ್ಕವನ್ನು ನೋಡಲೇಬೇಕು, ನಿಜ. ಸಮತಟ್ಟಾದ ಬಯಲಿರುವಲ್ಲಿ ಉದ್ದವಾದ ಬರಿಯ ನೆಲವೇ ಸಾಕಾಗಬಹುದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಕಡ್ಡಾಯ ಮಾಡಿರುವುದು 90 ಮೀಟರ್, ಶಿಫಾರಸು ಮಾಡಿರುವುದು 240 ಮೀಟರ್. ಆದರೆ ಆಚೆಗೆ ಕಣಿವೆಯೇ ಬಾಯ್ದೆರೆದಿರುವ ನಿಲ್ದಾಣಗಳನ್ನು ಬಯಲಿನ ನಿಲ್ದಾಣಗಳ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಇನ್ನೊಂದು ಮಾತು. ರನ್‌ವೇಯ ಆಚೆ ಗಟ್ಟಿಯಾದ ಕಟ್ಟಡವೇನೂ ಇರಕೂಡದು. ಮಂಗಳೂರಿನಲ್ಲಿ ವಿಮಾನದ ರೆಕ್ಕೆಯು ಬಡಿದುದು ದಾರಿತೋರುವ ರೇಡಿಯೋ ಕಂಬಗಳ ಕಾಂಕ್ರೀಟು ಕಟ್ಟೆಗೆ. ದಕ್ಷಿಣ ಕೊರಿಯಾದ ಮುವಾನ್‌ನಲ್ಲಿ 2024ನೆಯ ಇಸವಿ ಡಿಸೆಂಬರ್ 29ರಂದು, ಚಕ್ರಗಳನ್ನಿಳಿಸದೆ ಹೊಟ್ಟೆಯ ಮೇಲೆ ಜಾರಿಬಂದ ವಿಮಾನವು ಬಡಿದುದೂ ಅಂತಹುದೇ ಕಂಬಗಳಿದ್ದ ಕಾಂಕ್ರೀಟು ದಿಣ್ಣೆಗೆ. 181 ಮಂದಿಯಲ್ಲಿ ಉಳಿದವರು ಇಬ್ಬರೇ. ದಾರಿ ತೋರಿಸಲೆಂದು ನೆಟ್ಟ ಕಂಬವು ಯಮನ ಗದೆಯಾಗಬಾರದು. ತಗುಲಿದೊಡನೆ ಮುರಿದು ಬೀಳುವಂತೆ ಅದನ್ನು ಕಟ್ಟುವುದು ಕಷ್ಟವಾದ ಕೆಲಸವೇನೂ ಅಲ್ಲ.

ಆದುದರಿಂದ ಸರಕಾರದವರಲ್ಲಿಯೂ, ನಿಲ್ದಾಣಗಳ ಹಾಗೂ ವಿಮಾನಸಂಸ್ಥೆಗಳ ಅಧಿಕಾರಿಗಳಲ್ಲಿಯೂ ನಮ್ಮ ಬಿನ್ನಹವು ಇಷ್ಟು. ರನ್‌ವೇಯ ಮೂರು ಭಾಗಗಳಿಗೂ ಬೇರೆಬೇರೆಯಾಗಿ ಸೊನ್ನೆಯಿಂದ ಆರರವರೆಗಿನ ಅಂಕ ಕೊಟ್ಟು ನೆಲದ ಸ್ಥಿತಿಯನ್ನು ವೈಮಾನಿಕರಿಗೆ ತಿಳಿಸುವ ಪದ್ಧತಿಯು 2021ರ ನವೆಂಬರಿನಿಂದ ಜಗತ್ತಿನಲ್ಲಿ ಜಾರಿಗೆ ಬಂದಿದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು ಕಾಗದದ ಮೇಲಿನ ಶಾಸ್ತ್ರವಾಗದಿರಲಿ. ರನ್‌ವೇ ಸಾಲದೆಂದು ಇಳಿಯುವ ಮೊದಲೇ ಕೂಗಿ ಎಚ್ಚರಿಸುವ ಯಂತ್ರಗಳನ್ನು ಏರ್‌ಬಸ್ ಮೊದಲಾದವರು ಮಾಡಿರುತ್ತಾರೆ. ಗುಡ್ಡದ ನಿಲ್ದಾಣಗಳಿಗೆ ಹೋಗುವ ವಿಮಾನಗಳಲ್ಲಿ ಅವು ಇರಲಿ. ಮೇಲಕ್ಕೆ ಹೋಗೋಣವೆಂಬ ಕಿರಿಯರ ಮಾತನ್ನು ಹಿರಿಯರು ಆಜ್ಞೆಯೆಂದೇ ಭಾವಿಸುವಂತಾಗಲಿ. ಗುಡ್ಡದ ಅಂಚುಗಳಿಗೆ ಮೆತ್ತನೆಯ ಹಾಸು ಬರಲಿ. ಅಲ್ಲಿಯ ಕಾಂಕ್ರೀಟು ತೊಲಗಲಿ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬುದು ನಮ್ಮ ಹಿರಿಯರ ಗಾದೆ. ನಾವಾದರೋ ಎರಡು ಸಲ ಕೆಟ್ಟಿದ್ದೇವೆ. ಬಜಪೆಯ ಕಣಿವೆಯಲ್ಲಿ ಮಡಿದವರಿಗೆ ಪ್ರತಿವರ್ಷವೂ ಹೂವನ್ನು ಅರ್ಪಿಸುವುದು ಧರ್ಮವೇ. ಆದರೆ ಇನ್ನು ಮುಂದೆ ನೆಲ ಮುಟ್ಟಿದ ವಿಮಾನವು ನೆಲದ ಮೇಲೆಯೇ ನಿಲ್ಲುವಂತೆ ಮಾಡುವುದಕ್ಕಿಂತ ಹಿರಿದಾದ ಶ್ರದ್ಧಾಂಜಲಿಯು ಯಾವುದಿದ್ದೀತು?